ಗಾಜಿನ ಮನೆಗೆ ಚರಗ ಚೆಲ್ಲಿದ್ದು

ಬಾದಾಮಿ ಟೇಶನ್

ನಾನು ಹಾಲೆಂಡಿಗೆ ಹೋದದ್ದು ಕಾಯಿಪಲ್ಲೆ ನೋಡಲು. ಇದನ್ನು ಹೇಳಿದರೆ ಬಾದಾಮಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಇವತ್ತಿಗೂ ನಗುತ್ತಾರೆ. "ಏನ್ರಿ ಸಾಹೇಬ್ರ, ಬದನಿಕಾಯಿ ನೋಡಾಕ ವಿಮಾನ ಹತ್ತಿದ್ರೇನು? ಕೆರೂರ ಸಂತಿಗೆ ಹೋಗಿದ್ರ ಸಾಕಾಗತಿತ್ತಲ್ಲ" ಅನ್ನುತ್ತಾರೆ. ನಾನೂ ನಗುತ್ತೇನೆ. ಕೆರೂರ ಸಂತೆಗೇ ಹೋಗಿದ್ದರೆ ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನಿಸಿದೆ. ಆದರೆ ಅದನ್ನು ಅವರ ಮುಂದೆ ಹೇಳುವುದಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಬಾದಾಮಿ ತಾಲೂಕಿನ ಹಳ್ಳಿಗಳಲ್ಲಿ ಸೈಕಲ್ ಹೊಡೆದುಕೊಂಡು ರೈತರಿಗೆ ಬೀಜದ ಬಗ್ಗೆ, ಗೊಬ್ಬರದ ಬಗ್ಗೆ ಬುದ್ಧಿ ಹೇಳುವ ನೌಕರಿ ನನ್ನದು. ಬೇರೆ ದೇಶಗಳಲ್ಲಿ ತರಕಾರಿ ಹೇಗೆ ಬೆಳೆಯುತ್ತಾರೆ ಎಂದು ಕಲಿತು ಬರಲು ಒಬ್ಬನನ್ನು ಕಳಿಸಬೇಕೆಂದು ಮೇಲಿನಿಂದ ಕಾಗದ ಬಂತು. ನನಗಿಂತ ಹಿರಿಯರು ಇದ್ದರು. ಅಲ್ಲಿ ಡಿಸೆಂಬರಿನಲ್ಲಿ ನೀರು ಹೆಪ್ಪುಗಟ್ಟುತ್ತದೆ ಎಂದು ಗೊತ್ತಾದ ಕೂಡಲೆ ಒಬ್ಬರಿಗೆ ಸೊಂಟ ಹಿಡಿಯಿತು, ಇನ್ನೊಬ್ಬರ ಮಗಳಿಗೆ ವರ ಬಂತು. ಉಳಿದವನು ನಾನು.

ಹೊರಡುವ ಮುಂಚೆ ಬಾಗಲಕೋಟೆಯ ಆಚೆ ಘಟಪ್ರಭೆಯ ದಂಡೆಯಲ್ಲಿರುವ ನಮ್ಮೂರಿಗೆ ಹೋಗಿ ಅಕ್ಕನನ್ನು ಕಂಡೆ. ನೀಲವ್ವ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ನಮ್ಮವ್ವ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಎತ್ತಿ ಬೆಳೆಸಿದವಳು ಅವಳೇ. ಮಕ್ಕಳಿಲ್ಲ. ಭಾವ ಹೋದ ಮೇಲೆ ಹೊಳೆದಂಡೆಯ ಎರಡು ಎಕರೆಯಲ್ಲಿ ಒಬ್ಬಳೇ ಬದನೆ, ಮೆಂತ್ಯ, ಚವಳಿಕಾಯಿ, ಮೂಲಂಗಿ ಬೆಳೆದು ಬುಟ್ಟಿ ಹೊತ್ತು ಮಾರಿದಳು. ನನ್ನ ಸಾಲಿ, ಕಾಲೇಜು, ಮೈಮೇಲಿನ ಅಂಗಿ ಎಲ್ಲ ಆ ಬುಟ್ಟಿಯಿಂದಲೇ ಬಂದದ್ದು.

ನಾನು ರೈತರಿಗೆ ಪುಸ್ತಕ ನೋಡಿ ಹೇಳುತ್ತಿದ್ದುದನ್ನು ಅವಳು ಹಿಮ್ಮಡಿಯಿಂದ ತಿಳಿಯುತ್ತಿದ್ದಳು. ಮಳೆಗಾಲ ಮುಗಿದು ಹೊಳೆ ಇಳಿದು ಹೋದ ಮೇಲೆ ದಂಡೆಯ ತುಂಬ ಮೆಕ್ಕಲು ಉಳಿಯುತ್ತದೆ. ಅಕ್ಕ ಬರಿಗಾಲಲ್ಲಿ ಅದರ ಮೇಲೆ ಹೋಗಿ ಹಿಮ್ಮಡಿ ಊರಿ ನಿಲ್ಲುವಳು. ಹಿಮ್ಮಡಿ ಪೂರ್ತಿ ಹೂತು ಹೋದರೆ ಇನ್ನೂ ಎಂಟು ದಿನ ತಡೆಯಬೇಕು. ಗುರುತು ಮೂಡಿ, ಅದರೊಳಗೆ ನೀರು ಒಸರದಿದ್ದರೆ ಬೀಜ ಹಾಕಬಹುದು. ಊರಿನ ಉಳಿದವರು ತಮ್ಮ ಹೊಲಕ್ಕೆ ಹೋಗುವ ಮುಂಚೆ ನೀಲವ್ವ ಬಿತ್ತಿದಳೋ ಇಲ್ಲವೋ ಎಂದು ನೋಡುತ್ತಿದ್ದರು.

ಆದರೆ ಕೆಳಗಡೆ ದೊಡ್ಡ ಅಣೆಕಟ್ಟು ಏಳುತ್ತಿತ್ತು. ಹಿನ್ನೀರು ಎಲ್ಲಿಯತನಕ ಬರುತ್ತದೆಂದು ಸರಕಾರದವರು ಕಲ್ಲು ನೆಟ್ಟು ಹೋಗಿದ್ದರು. ಒಂದು ಕಲ್ಲು ಅಕ್ಕನ ಹೊಲದ ಮೇಲಿನ ಬದುವಿನಲ್ಲಿಯೇ ಇತ್ತು. ಅದರಿಂದ ಕೆಳಗಿನದೆಲ್ಲ ನೀರಿನ ಪಾಲು.

ಅವಳ ಮುಂದೆ ಎರಡು ದಾರಿ ಇದ್ದವು. ಬಾದಾಮಿ ಕಡೆ ಮಲಪ್ರಭೆಯ ದಂಡೆಯಲ್ಲಿ ಭಾವನ ಗೆಳೆಯರೊಬ್ಬರು ತಮ್ಮ ಹೊಲವನ್ನು ಪಾಲಿಗೆ ಕೊಡುತ್ತೇನೆ, ಯುಗಾದಿಯೊಳಗೆ ಹೇಳು ಎಂದಿದ್ದರು. ಇನ್ನೊಂದು, ಹುನಗುಂದ ತಾಲೂಕಿನ ರಾಮಥಾಳದ ಕಡೆ ಮಾರಾಟಕ್ಕೆ ಬಂದಿದ್ದ ಕರಿಮಣ್ಣಿನ ಎರೆ ಹೊಲ. ಪರಿಹಾರದ ದುಡ್ಡಿನಲ್ಲಿ ಅದನ್ನು ಕೊಂಡರೆ ಸ್ವಂತದ್ದಾಗುತ್ತಿತ್ತು.

"ಬಾದಾಮಿ ಕಡೆ ಹೊಳಿ ಐತಿ, ಹೊಲ ನಂದಲ್ಲ. ರಾಮಥಾಳದಾಗ ಹೊಲ ನಂದು, ಹೊಳಿ ಇಲ್ಲ" ಅಂದಳು ಅಕ್ಕ. ಮೆಂತ್ಯದ ಸೂಡು ಕಟ್ಟುತ್ತ ಕೂತಿದ್ದಳು. "ಕಾಯಿಪಲ್ಲೆ ಬಿಟ್ಟು ನನಗ ಬ್ಯಾರೆ ಏನ ಬರತೈತಿ ಹೇಳು. ನೀ ಜಗತ್ತು ನೋಡಾಕ ಹೊಂಟಿ. ಹೊಳಿ ಇಲ್ಲದ ಕಡೆ ಮಂದಿ ಹೆಂಗ ಬೆಳೀತಾರ, ಚಂದಂಗ ನೋಡ್ಕೊಂಡು ಬಾ. ನೀ ಬಂದು ಹೇಳಿದ ಮ್ಯಾಲೇನ ನಾ ಹೆಬ್ಬಟ್ಟು ಒತ್ತತೇನಿ."

"ಆತಕ್ಕಾ" ಅಂದೆ. ಬಾದಾಮಿ ಟೇಶನ್ನಿನಲ್ಲಿ ರೈಲು ಹತ್ತಿ ಮುಂಬೈಗೆ ಹೋದೆ.

ಗಾಜಿನ ಊರು

ವಿಮಾನದಲ್ಲಿ ಏನಾಯಿತು, ಎಲ್ಲಿ ಇಳಿದೆ ಎಂಬುದೆಲ್ಲ ಎಲ್ಲರಿಗೂ ಆಗುವಂಥದ್ದೇ. ಬಾದಾಮಿಯ ವಕೀಲರೊಬ್ಬರು ಕೊಟ್ಟ ಕರಿಕೋಟು ಹಾಕಿಕೊಂಡಿದ್ದೆ. ಹಾಲೆಂಡಿನ ಗಾಳಿ ಅದನ್ನು ಕೋಟೆಂದು ಲೆಕ್ಕಕ್ಕೇ ಹಿಡಿಯಲಿಲ್ಲ. ನನ್ನನ್ನು ಕರೆದೊಯ್ಯಲು ಬಂದಿದ್ದ ಪೀಟ್ ನನ್ನ ಕೈ ಕುಲುಕಿ, ಅದು ನಡುಗುವುದನ್ನು ಕಂಡು, ತನ್ನ ಉಣ್ಣೆಯ ಟೊಪ್ಪಿಗೆ ತೆಗೆದು ನನ್ನ ತಲೆಗೆ ಹಾಕಿದ. ಅದರಿಂದ ಟೊಮೆಟೊ ಎಲೆಯ ವಾಸನೆ ಬರುತ್ತಿತ್ತು. ಆ ದೇಶದಲ್ಲಿ ನನಗೆ ಪರಿಚಯವಿದ್ದ ಮೊದಲ ವಸ್ತು ಆ ವಾಸನೆ.

ಪೀಟ್ ಮತ್ತು ಅವನ ಹೆಂಡತಿ ಆನ್ಸ್ ಟೊಮೆಟೊ ಬೆಳೆಯುವವರು. ಆರು ವಾರ ನಾನು ಅವರ ಮನೆಯಲ್ಲಿಯೇ ಇದ್ದೆ. ಅವನ ಇಂಗ್ಲಿಷೂ ಕುಂಟು, ನನ್ನದೂ ಕುಂಟು. ಎರಡು ಕುಂಟುಗಳು ಒಂದರ ಹೆಗಲ ಮೇಲೊಂದು ಕೈಯಿಟ್ಟು ಹೇಗೋ ನಡೆದವು.

ಆ ಸೀಮೆಯಲ್ಲಿ ಹೊಲವೇ ಕಾಣಲಿಲ್ಲ. ಕಣ್ಣು ಹಾಯುವವರೆಗೆ ಗಾಜಿನ ಮನೆಗಳು. ಹೊರಗೆ ಹುಲ್ಲಿನ ಮೇಲೆ ಬಿಳಿ ಹಿಮ, ಒಳಗೆ ನಮ್ಮ ಯುಗಾದಿಯ ಬಿಸಿಲಿನ ಸೆಕೆ. ಬಾಗಿಲಲ್ಲಿ ಔಷಧಿ ತುಂಬಿದ ತಟ್ಟೆ ಇತ್ತು. ಬೆಳೆ ಇರುವ ಜಾಗಕ್ಕೆ ಮೆಟ್ಟು ಹಾಕಿ ಹೋಗುವುದುಂಟೇ ಎಂದು ನಾನು ರೂಢಿಯಂತೆ ಬೂಟು ಕಳೆದು ಬರಿಗಾಲನ್ನು ಅದರಲ್ಲಿ ಅದ್ದಿದೆ. ಕಾಲು ಉರಿದು ಹೋಯಿತು. ಪೀಟ್ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಪಾದಕ್ಕೆ ನೀರು ಹೊಯ್ದ. ತಟ್ಟೆ ಇರುವುದು ಬೂಟಿನ ತಳಕ್ಕೆ, ಹೊರಗಿನ ಮಣ್ಣಿನ ರೋಗ ಒಳಗೆ ಬರಬಾರದೆಂದು. ನಾವು ನೆಲಕ್ಕೆ ಮರ್ಯಾದೆ ಕೊಟ್ಟು ಚಪ್ಪಲಿ ಬಿಡುತ್ತೇವೆ, ಅವರು ಬೆಳೆಯನ್ನು ನೆಲದಿಂದ ಕಾಪಾಡಲು ಬೂಟು ತೊಳೆಯುತ್ತಾರೆ.

ಒಳಗೆ ನೆಲದ ತುಂಬ ಬಿಳಿ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ಕಲ್ಲನ್ನು ಕರಗಿಸಿ ಹತ್ತಿಯಂತೆ ಎಳೆದು ಮಾಡಿದ ದಿಂಬುಗಳು. ಆ ದಿಂಬಿನಲ್ಲಿ ಟೊಮೆಟೊ ಸಸಿ. ಪ್ರತಿ ಸಸಿಗೂ ಒಂದು ಸಣ್ಣ ನಳಿಕೆ, ಅದರಿಂದ ತೊಟ್ಟು ತೊಟ್ಟು ನೀರು, ನೀರಿನಲ್ಲಿಯೇ ಗೊಬ್ಬರ. ದವಾಖಾನೆಯಲ್ಲಿ ಸಲಾಯಿನ್ ಹಚ್ಚಿಸಿಕೊಂಡು ಸಾಲಾಗಿ ಮಲಗಿದ ರೋಗಿಗಳ ನೆನಪಾಯಿತು. ಆದರೆ ಇವರು ರೋಗಿಗಳಲ್ಲ. ಅಷ್ಟು ಗಟ್ಟಿಮುಟ್ಟಾದ ಟೊಮೆಟೊ ಗಿಡವನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಗಾಜಿನೊಳಗೆ ಗಾಳಿ ಆಡುವುದಿಲ್ಲವಾದ್ದರಿಂದ ಹೂ ಬಂದಾಗ ಆನ್ಸ್ ಗುಂಯ್ ಅನ್ನುವ ಒಂದು ಕಡ್ಡಿ ಹಿಡಿದು ಒಂದೊಂದೇ ಗೊಂಚಲನ್ನು ಮುಟ್ಟಿ ಅಲುಗಿಸುತ್ತಿದ್ದಳು. ಗಾಳಿಯ ಕೆಲಸವನ್ನೂ ಅವರೇ ಮಾಡಬೇಕು.

ಊಟಕ್ಕೆ ಹಸಿ ಸೊಪ್ಪು ಕೊಡುತ್ತಿದ್ದರು. ರೊಟ್ಟಿಯ ಜೊತೆ ಹಕ್ಕರಕಿ ತಿಂದು ಬೆಳೆದವನಿಗೆ ಹಸಿ ಸೊಪ್ಪು ಹೊಸದಲ್ಲ. ಹಕ್ಕರಕಿಗೆ ಒಂದು ಕಹಿ ಇರುತ್ತದೆ, ಇದಕ್ಕೆ ಅದೂ ಇರಲಿಲ್ಲ. ಊರಿಂದ ತಂದು ಜೇಬಿನಲ್ಲಿಟ್ಟುಕೊಂಡಿದ್ದ ಶೇಂಗಾಚಟ್ನಿ ಪುಡಿ ಚಿಮುಕಿಸಿಕೊಂಡು ತಿಂದೆ. ಆನ್ಸ್ ಒಂದು ಚಿಟಿಕೆ ಕೇಳಿ ನಾಲಿಗೆಗೆ ಹಾಕಿಕೊಂಡು ಮೂರು ಲೋಟ ಹಾಲು ಕುಡಿದಳು.

ಒಂದು ದಿನ ಪೀಟ್ ನನ್ನನ್ನು ಕಾಲುವೆಯ ಏರಿಯ ಮೇಲೆ ಕರೆದೊಯ್ದ. ಏರಿಯ ಒಂದು ಬದಿಗೆ ನೀರು ಎತ್ತರದಲ್ಲಿತ್ತು, ಇನ್ನೊಂದು ಬದಿಗೆ ಹೊಲಗಳು ತಗ್ಗಿನಲ್ಲಿದ್ದವು. ಕೋಸು ಕೊಯ್ದ ಬೊಡ್ಡೆಗಳು ಕಾಣುತ್ತಿದ್ದವು. "ಇದೆಲ್ಲ ಮೊದಲು ಕೆರೆಯಾಗಿತ್ತು. ನಮ್ಮ ಹಿರಿಯರು ನೀರು ಹೊರಗೆ ಹಾಕಿ ನೆಲ ತೆಗೆದರು" ಅಂದ. ಅವನಿಗೆ ಹೆಮ್ಮೆ. ನಾನು ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಏನಾಯಿತು ಎಂದು ಕೇಳಿದ. ನಮ್ಮೂರಲ್ಲಿ ನೆಲದ ಮೇಲೆ ನೀರು ತಂದು ನಿಲ್ಲಿಸುತ್ತಿದ್ದಾರೆ, ನನ್ನ ಅಕ್ಕನ ಹೊಲ ಅದರೊಳಗೆ ಹೋಗುತ್ತದೆ ಎಂದು ಹೇಳಬೇಕಿತ್ತು. ಅಷ್ಟು ಇಂಗ್ಲಿಷ್ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. ಚಳಿ ಅಂದೆ. ಅವನು ಪಾಪ, ತನ್ನ ಕೈಗವಸನ್ನೂ ಬಿಚ್ಚಿ ಕೊಟ್ಟ.

ಎಳ್ಳಮಾವಾಸ್ಯೆ

ಹೊರಡುವಾಗ ಅಕ್ಕ ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದು ನನ್ನ ಚೀಲದಲ್ಲಿ ಇಟ್ಟಿದ್ದಳು. ಅದರಂತೆ ಒಂದು ರವಿವಾರ ಎಳ್ಳಮಾವಾಸ್ಯೆ ಬಂತು.

ನಮ್ಮ ಕಡೆ ಆ ಹೊತ್ತಿಗೆ ಹೊಲದಲ್ಲಿ ಬೆಳೆ ಎದೆಯುದ್ದ ಇರುತ್ತದೆ. ಭೂಮಿತಾಯಿ ಬಸುರಿ ಅನ್ನುತ್ತೇವೆ. ಬಸುರಿಗೆ ಬಯಕೆ ಊಟ ಬೇಕು. ಸಜ್ಜೆರೊಟ್ಟಿ, ಕಡುಬು, ಎಣಗಾಯಿ, ಪುಂಡಿಪಲ್ಲೆ ಎಲ್ಲ ಬುತ್ತಿ ಕಟ್ಟಿಕೊಂಡು ಹೋಗಿ, ಕಲಸಿ, ಹೊಲದ ನಾಲ್ಕೂ ಕಡೆ ಚೆಲ್ಲುತ್ತೇವೆ. ಅದೇ ಚರಗ. ಒಬ್ಬರು ಮುಂದೆ "ಹುಲ್ಲುಲ್ಲಿಗೋ" ಎಂದು ಕೂಗಿ ಚೆಲ್ಲುತ್ತ ಹೋದರೆ ಹಿಂದಿನವರು "ಚಲ್ಲಂಬರಿಗೋ" ಅನ್ನಬೇಕು. ಅಕ್ಕನ ಹಿಂದೆ ಚಲ್ಲಂಬರಿಗೋ ಅನ್ನುವವನು ಪ್ರತಿ ವರ್ಷ ನಾನೇ. ಈ ವರ್ಷ ಅವಳ ಹಿಂದೆ ಯಾರೂ ಇಲ್ಲ. ಆ ಹೊಲಕ್ಕೆ ಇದೇ ಕೊನೆಯ ಚರಗ ಆದರೂ ಆಗಬಹುದು. ಬೆಳಿಗ್ಗೆ ಎದ್ದಾಗಿನಿಂದ ಏನೂ ಸೇರದಾಯಿತು.

ಪೀಟ್, ಆನ್ಸ್ ಇಬ್ಬರೂ ಚರ್ಚಿಗೆ ಹೋಗಿದ್ದರು. ಅಡುಗೆಮನೆಯಲ್ಲಿ ಅನ್ನ ಮಾಡಿದೆ. ಬಟಾಣಿ, ಗಜ್ಜರಿ ಬೇಯಿಸಿದೆ. ಬ್ರೆಡ್ ಹರಿದು ಹಾಕಿ, ಹಾಲು, ಸಕ್ಕರೆ ಸೇರಿಸಿ ದೊಡ್ಡ ಬೋಗುಣಿಯಲ್ಲಿ ಕಲಸಿದೆ. ಗಾಜಿನ ಮನೆಯ ಬಾಗಿಲಲ್ಲಿ ಬೂಟನ್ನು ಔಷಧಿಯಲ್ಲಿ ಸರಿಯಾಗಿ ಅದ್ದಿ ಒಳಗೆ ಹೋದೆ. ಈ ಸಲ ನೇಮ ತಪ್ಪಲಿಲ್ಲ ಎಂದು ನನಗೆ ನಾನೇ ಶಾಭಾಸ್ ಅಂದುಕೊಂಡೆ. ಆಮೇಲೆ ಮೂಡಲ ದಿಕ್ಕಿನಿಂದ ಸುರುಮಾಡಿ, ಒಂದೊಂದು ಸಾಲಿಗೂ ಮುಷ್ಟಿ ಮುಷ್ಟಿ ಚೆಲ್ಲುತ್ತ, ಹುಲ್ಲುಲ್ಲಿಗೋ ಎಂದು ಕೂಗುತ್ತ ಹೋದೆ. ಗಾಜು ನನ್ನ ದನಿಯನ್ನೇ ಹಿಂದಕ್ಕೆ ಕೊಟ್ಟಿತು. ಚಲ್ಲಂಬರಿಗೋ ಅನ್ನಲು ಯಾರೂ ಇರಲಿಲ್ಲ, ಅದನ್ನೂ ನಾನೇ ಅಂದೆ. ಅನ್ನುತ್ತ ಅಳು ಬಂತು. ಬೋಗುಣಿ ಖಾಲಿಯಾಗುವವರೆಗೆ ಅಳುತ್ತಲೇ ಚೆಲ್ಲಿದೆ.

ಪೀಟ್ ಚರ್ಚಿನಿಂದ ಬಂದು ಬಾಗಿಲಲ್ಲಿ ನಿಂತ. ಅನ್ನದ ಅಗುಳು ಗಿಡದ ಕಾಂಡಕ್ಕೆ ಅಂಟಿದ್ದವು, ದಿಂಬುಗಳ ತೂತಿನೊಳಗೆ ಬಿದ್ದಿದ್ದವು. ಹಾಲು ಹಾಳೆಯ ಮೇಲೆ ಹರಿದಿತ್ತು. ಅವನು ರವಿವಾರದ ಕೋಟು ಬಿಚ್ಚಿ ಕಂಬಕ್ಕೆ ಹಾಕಿ, ಮಂಡಿಯೂರಿ, ಮೊದಲನೇ ಸಾಲಿನಿಂದ ಅಗುಳು ಆರಿಸತೊಡಗಿದ. ಆ ಸೆಕೆಯಲ್ಲಿ ಎರಡು ದಿನಕ್ಕೆ ಬೂಸು ಬರುತ್ತದೆ, ಬೂಸು ಗಿಡಕ್ಕೆ ಹತ್ತುತ್ತದೆ, ಇಲಿ ಬಂದರೆ ನಳಿಕೆ ಕಡಿಯುತ್ತವೆ ಎಂದು ಆಮೇಲೆ ಆನ್ಸ್ ಬಿಡಿಸಿ ಹೇಳಿದಳು. ಕೃಷಿ ಓದಿದ ನನಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಆ ಹೊತ್ತು ನಾನು ಕೃಷಿ ಓದಿದವನಾಗಿರಲಿಲ್ಲ, ನೀಲವ್ವನ ತಮ್ಮನಾಗಿದ್ದೆ.

ಮೂವರೂ ಮೂರು ದಿನ ಆರಿಸಿದೆವು. ಆದರೂ ನಾಲ್ಕು ಸಾಲಿಗೆ ಬೂಸು ಹತ್ತಿತು. ಹೂ ಬಿಟ್ಟ ಗಿಡಗಳನ್ನು ಪೀಟ್ ಕಿತ್ತು ಚೀಲಕ್ಕೆ ತುಂಬುವಾಗ ನಾನು ಚೀಲದ ಬಾಯಿ ಹಿಡಿದು ನಿಂತಿದ್ದೆ. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಲಿ ಅನಿಸಿತು. ಆನ್ಸ್ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಳು. ಮೂರನೇ ದಿನ ಕೇಳದೆಯೇ ನನ್ನ ತಟ್ಟೆಗೆ ಇನ್ನೊಂದು ತುಂಡು ಬ್ರೆಡ್ ಹಾಕಿದಳು. ಎಲ್ಲ ದೇಶದ ಹೆಣ್ಣುಮಕ್ಕಳೂ ಸಿಟ್ಟು ಇಳಿದದ್ದನ್ನು ಹೀಗೆಯೇ ತಿಳಿಸುತ್ತಾರೆ.

ಹಾಳೆಯ ಕೆಳಗೆ

"ಅನ್ನ ಯಾರಿಗೆ ಹಾಕಿದೆ?" ಎಂದು ಪೀಟ್ ಕೇಳಿದ್ದು ವಾರದ ಮೇಲೆ. ನೆಲಕ್ಕೆ ಅಂದೆ.

ಅವನು ಮೂಲೆಗೆ ಹೋಗಿ ಬಿಳಿ ಹಾಳೆಯ ಅಂಚು ಎತ್ತಿ ಹಿಡಿದ. ಕೆಳಗೆ ಮಣ್ಣು ಇತ್ತು. ಬೂದಿಬಣ್ಣ, ಒಣಗಿ ಪುಡಿಯಾಗಿತ್ತು. ಒಂದು ಹುಳ ಇಲ್ಲ, ಒಂದು ಬೇರಿಲ್ಲ. "ಇದು ನನ್ನ ಅಪ್ಪ ಅಗೆಯುತ್ತಿದ್ದ ಮಣ್ಣು" ಅಂದ. ವರ್ಷ ವರ್ಷ ಅದೇ ಬೆಳೆ ಬೆಳೆದು ಬೇರಿಗೆ ರೋಗ ಬಂತಂತೆ. ಮಣ್ಣಿಗೆ ಹಬೆ ಹಾಯಿಸಿ ಬೇಯಿಸಿದರು, ಔಷಧಿ ಹಾಕಿದರು, ಹೋಗಲಿಲ್ಲ. ಕಡೆಗೆ ಮುಚ್ಚಿ ಮೇಲೆ ದಿಂಬು ಇಟ್ಟರು. ಬೆಳೆ ಎರಡು ಪಟ್ಟು ಬಂತು. "ಹಾಳೆ ಹಾಸಿದ ದಿನದಿಂದ ಅಪ್ಪ ಗಾಜಿನ ಮನೆಯೊಳಗೆ ಕಾಲಿಡಲಿಲ್ಲ. ಕಿಟಕಿಯಲ್ಲಿ ಕೂತು ನೋಡುತ್ತಿದ್ದ. ಸಾಯುವವರೆಗೂ ಹಾಗೆಯೇ" ಅಂದ.

ಇಷ್ಟು ಹೇಳಿ ಹಾಳೆಯನ್ನು ಸರಿಮಾಡಿ ಮುಚ್ಚಿದ. ಅವನ ಮಾತಿನಲ್ಲಿ ನಾನು ಕೇಳಬೇಕಾದದ್ದು ಅವನ ಅಪ್ಪನ ವಿಷಯ. ನಾನು ಕೇಳಿಸಿಕೊಂಡದ್ದು ಎರಡು ಪಟ್ಟು ಬೆಳೆಯನ್ನು. ಅವತ್ತು ಕೋಣೆಗೆ ಹೋಗಿ ನೋಟುಬುಕ್ಕಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಂಡೆ. ಹೊಳೆ ಬೇಕಾಗಿಲ್ಲ, ಒಳ್ಳೆಯ ಮಣ್ಣೂ ಬೇಕಾಗಿಲ್ಲ, ತೊಟ್ಟು ನೀರು ಮತ್ತು ವಿದ್ಯೆ ಸಾಕು. ಅಕ್ಕನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಹಿಗ್ಗಿದೆ. ಆ ವಿದ್ಯೆಯ ಬೆನ್ನಿಗೆ ಇದ್ದ ಗಾಜು, ಸೆಕೆ ಹುಟ್ಟಿಸುವ ಅನಿಲ, ದಿನದ ಇಪ್ಪತ್ನಾಲ್ಕು ತಾಸಿನ ಕರೆಂಟು ನನ್ನ ಲೆಕ್ಕಕ್ಕೆ ಬರಲಿಲ್ಲ.

ಅದೇ ವಾರ ಸಾಲಿಮಾಸ್ತರರ ಕೈಯಲ್ಲಿ ಬರೆಸಿದ ಅಕ್ಕನ ಪತ್ರ ಬಂತು. ಮಾಸ್ತರರು ಅವಳ ಮಾತನ್ನು ತಿದ್ದದೆ ಹಾಗೇ ಬರೆದಿದ್ದರು. "ಚರಗಾ ಚೆಲ್ಲಿ ಬಂದೆ. ಸರಕಾರದ ಕಲ್ಲಿಗೂ ಒಂದು ತುತ್ತು ಹಾಕೇನಿ. ಅದೂ ನಮ್ಮ ಹೊಲದಾಗ ನಿಂತೈತಿ, ಉಪವಾಸ ಯಾಕಿರಬೇಕು. ನೀ ಹೊಟ್ಟಿ ತುಂಬ ಉಣ್ಣು. ನೋಡೂದು ಮರೀಬ್ಯಾಡ."

ಕೈರೋ

ಬರುವಾಗ ಕೈರೋದಲ್ಲಿ ನಾಲ್ಕು ದಿನ ಇದ್ದೆ. ಪಿರಮಿಡ್ ನೋಡಲಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ದೂರದಿಂದ ನೋಡಿದೆ. ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿರುವುದು ನೈಲ್ ಹೊಳೆಯ ನಡುಗಡ್ಡೆಯ ಒಂದು ಮೆಂತ್ಯದ ಮಡಿ.

ನಾನು ಇಳಿದಿದ್ದ ಹೋಟೆಲಿನ ಗುಮಾಸ್ತ ಸಮೀರ್ ಇಂಗ್ಲಿಷ್ ಬಲ್ಲವನು. ತರಕಾರಿ ನೋಡಬೇಕೆಂದಾಗ ಅವನೂ ಬಾದಾಮಿಯವರಂತೆಯೇ ನಕ್ಕ, ನಕ್ಕು ದೋಣಿಯಲ್ಲಿ ಕರೆದೊಯ್ದ. ನಡುಗಡ್ಡೆಯಲ್ಲಿ ಹೊಳೆಗೆ ಅಂಟಿಕೊಂಡು ಉಳ್ಳಾಗಡ್ಡಿ, ಮೂಲಂಗಿ, ಮೆಂತ್ಯ. ನಮ್ಮವೇ ಮಡಿಗಳು, ನಮ್ಮವೇ ಬದುಗಳು, ಕೈಗುದ್ದಲಿ ಕೂಡ ನಮ್ಮದರಂತೆಯೇ. ಆರು ವಾರ ಗಾಜಿನೊಳಗೆ ಇದ್ದು ಬಂದವನು ಬೂಟು ಕಳೆದು ಬರಿಗಾಲಲ್ಲಿ ನಿಂತೆ. ಯಾರೂ ಬೇಡ ಅನ್ನಲಿಲ್ಲ.

ಆ ಮಡಿಗಳಲ್ಲಿ ದುಡಿಯುತ್ತಿದ್ದವನು ಹಸನ್ ಎಂಬ ಮುದುಕ, ಕರಿಯ ಮೈಬಣ್ಣ, ಬಿಳಿ ನಿಲುವಂಗಿ. ಹೊಲ ಅವನದಲ್ಲ, ಪಾಲಿಗೆ ಮಾಡುತ್ತಿದ್ದ. ಅವನ ಊರು ದಕ್ಷಿಣದಲ್ಲಿ ಬಹಳ ದೂರ. ಅಲ್ಲಿ ಹೊಳೆಗೆ ದೊಡ್ಡ ಕಟ್ಟೆ ಕಟ್ಟಿದಾಗ ಊರಿಗೆ ಊರೇ ಮುಳುಗಿತಂತೆ. ಸರಕಾರ ಬೇರೆ ಕಡೆ ಸಾಲುಮನೆ ಕಟ್ಟಿಕೊಟ್ಟಿತು. ಹೊಲವನ್ನೂ ಕೊಟ್ಟಿತು.

"ಹಾಗಾದರೆ ಇಲ್ಲಿಗೆ ಯಾಕೆ ಬಂದಿರಿ?" ಎಂದು ಸಮೀರನ ಬಾಯಿಂದ ಕೇಳಿಸಿದೆ.

ಹಸನ್ ಮೂಲಂಗಿ ಕಿತ್ತು ತೊಳೆಯುತ್ತಲೇ ಹೇಳಿದ. ಹೊಸ ಊರಿನಲ್ಲಿ ಹೊಳೆ ಕಾಣುತ್ತಿರಲಿಲ್ಲ. ಅವನ ಹೆಂಡತಿ ಹಳೆಯ ಊರಿನಲ್ಲಿ ಹೊಳೆ ಇಳಿದ ಮೇಲೆ ದಂಡೆಯ ಕೆಸರಿನಲ್ಲಿ ಅವರೆಯಂಥ ಕಾಳು, ಸೌತೆ ಹಾಕುತ್ತಿದ್ದಳು. ಹೊಸ ಹೊಲಕ್ಕೆ ಒಂದೇ ಸಲ ಹೋಗಿ ಮಣ್ಣು ಹಿಡಿದು ನೋಡಿ ಬಂದಳು. ಮತ್ತೆ ಹೋಗಲಿಲ್ಲ. "ಬೆಳೆ ಬರುತ್ತಿತ್ತು, ಸರಕಾರದ ಕಬ್ಬು ಬರುತ್ತಿತ್ತು" ಅಂದ. "ಅವಳಿಗೆ ಗೊತ್ತಿದ್ದದ್ದು ಮಾತ್ರ ಬರುತ್ತಿರಲಿಲ್ಲ. ಐವತ್ತು ವರ್ಷದ ಹೆಂಗಸು, ಒಂದೇ ದಿನದಲ್ಲಿ ಏನೂ ಬಾರದವಳಾದಳು. ಯಾರದೋ ಹೊಲವಾದರೂ ಆಗಲಿ, ಹೊಳೆ ಇರಲಿ ಎಂದು ಕರೆದುಕೊಂಡು ಬಂದೆ. ತಡವಾಗಿತ್ತು."

ಸಮೀರ್ ಅದನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ. ಹಸನ್ ನನಗೆ ಎರಡು ಮೂಲಂಗಿ ಕೊಟ್ಟ. ದೋಣಿಯಲ್ಲಿ ಅದನ್ನು ಕಡಿದು ತಿನ್ನುತ್ತ ಬಂದೆ. ನನ್ನ ಪ್ರಯಾಣದಲ್ಲಿ ಅಕ್ಕನಿಗಾಗಿಯೇ ಯಾರೋ ಇಟ್ಟಿದ್ದ ಮಾತು ಅದು, ಅಷ್ಟು ನನಗೂ ತಿಳಿಯಿತು. ಆದರೆ ನೋಟುಬುಕ್ಕಿನಲ್ಲಿ ಕೈರೋದ ಹಾಳೆಯನ್ನು ನಾನು ಬರೆಯದೆ ಬಿಟ್ಟೆ.

ಅಕ್ಕನ ಕಟ್ಟೆ

ನಾನು ಊರಿಗೆ ಬಂದಾಗ ಯುಗಾದಿಗೆ ಇನ್ನೂ ದಿನಗಳಿದ್ದವು. ಊರವರೆಲ್ಲ ಅಕ್ಕನ ಮನೆಯ ಕಟ್ಟೆಗೆ ಬಂದು ಕೂತರು. ನಾನು ಗಾಜಿನ ಮನೆ ವರ್ಣಿಸಿದೆ, ದಿಂಬಿನಲ್ಲಿ ಬೆಳೆಯುವ ಟೊಮೆಟೊ ವರ್ಣಿಸಿದೆ. ಬರಿಗಾಲು ಸುಟ್ಟುಕೊಂಡದ್ದನ್ನು ಹೇಳಿ ನಗಿಸಿದೆ. ಪರದೇಶಕ್ಕೆ ಹೋಗಿ ಬಂದವನ ಬಾಯಿಗೆ ಒಂದು ರುಚಿ ಹತ್ತಿರುತ್ತದೆ. ಎದುರಿಗೆ ಕೂತವರ ಕಣ್ಣು ಅಗಲವಾದಷ್ಟೂ ಮಾತು ಉದ್ದವಾಗುತ್ತದೆ.

ಎಲ್ಲರೂ ಎದ್ದು ಹೋದ ಮೇಲೆ ಅಕ್ಕ ಕೇಳಿದಳು. "ಅದೆಲ್ಲಾ ಖರೆ. ನಾ ಕೇಳಿದ್ದು ಹೇಳು. ಹೊಳಿ ಇಲ್ಲದ ಕಡೆ ನನ್ನ ಕಾಯಿಪಲ್ಲೆ ಬರತೈತೇನು?"

"ಬರತೈತಕ್ಕಾ. ಅವರು ಮಣ್ಣ ಇಲ್ಲದ ಬೆಳೀತಾರ. ನಿನಗ ಎರಿ ಮಣ್ಣ ಐತಿ, ಬಾವಿ ತೋಡಿಸೋಣು. ಪಾಲಿನ ಹೊಲ ಯಾಕ, ಸ್ವಂತದ್ದ ಇರಲಿ" ಅಂದೆ.

ಅವಳು ನನ್ನ ಮುಖ ನೋಡಿದಳು. "ನೀ ನೋಡಿ ಬಂದಾವ. ನೀ ಹೇಳಿದ್ದ ಖರೆ" ಅಂದಳು. ಹಸನ್‌ನ ಹೆಂಡತಿಯ ಹೆಸರು ನನಗೆ ಗೊತ್ತಿರಲಿಲ್ಲ, ಕೇಳಿರಲಿಲ್ಲ. ಅವತ್ತು ಕಟ್ಟೆಯ ಮೇಲೆ ಅವಳ ಸುದ್ದಿ ನನ್ನ ಗಂಟಲಿನವರೆಗೂ ಬಂದಿತ್ತು. ನಾನು ನುಂಗಿದೆ. ಆರು ವಾರ ಸರಕಾರದ ಖರ್ಚಿನಲ್ಲಿ ತಿರುಗಿ ಬಂದವನು ಕೈಲಾಗದ ಸುದ್ದಿ ತರಬಾರದು ಅನಿಸಿತು. ಅಷ್ಟೇ ಕಾರಣ. ಅದಕ್ಕಿಂತ ದೊಡ್ಡ ಕಾರಣ ನನ್ನಲ್ಲಿರಲಿಲ್ಲ. ವಾರದೊಳಗೆ ಅವಳು ಹುನಗುಂದಕ್ಕೆ ಹೋಗಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು.

ರಾಮಥಾಳದ ಎರೆ

ಎರೆ ಕೆಟ್ಟ ಮಣ್ಣಲ್ಲ. ಹಿಂಗಾರಿ ಜೋಳ, ಕಡಲೆ, ಕುಸುಬಿಗೆ ಅದರಂಥ ಮಣ್ಣಿಲ್ಲ. ಮಳೆ ಬಂದರೆ ಕಾಲಿಗೆ ಅಂಟಿ ಎತ್ತಲು ಬಿಡುವುದಿಲ್ಲ, ಬಿಸಿಲು ಬಂದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅಕ್ಕ ಹೊಲದ ಬದಿಗೇ ಮನೆ ಮಾಡಿದಳು. ಮೊದಲನೇ ಮಳೆಯ ಮೇಲೆ ಚಪ್ಪಲಿ ಬಿಟ್ಟು ಹೋಗಿ ಹಿಮ್ಮಡಿ ಊರಿದಳು. ಕಾಲು ಕಿತ್ತುಕೊಂಡು ಇನ್ನೊಂದು ಕಡೆ ಊರಿದಳು. ಹೊಲದ ತುಂಬ ಹಾಗೆ ನಡೆದು ಬದುವಿನ ಮೇಲೆ ಬಂದು ಕೂತಳು. ಕಾಲಿನ ತುಂಬ ಕರಿಮಣ್ಣು ಮೆತ್ತಿತ್ತು.

"ಏನ ಹೇಳತೈತಕ್ಕಾ?" ಎಂದು ಚಾಷ್ಟಿ ಮಾಡಿದೆ.

"ಇದರ ಮಾತು ನನಗ ತಿಳಿವಲ್ದೋ ತಮ್ಮಾ" ಅಂದಳು. ಚಾಷ್ಟಿಗೆ ಅಂದದ್ದಲ್ಲ.

ಬಾವಿ ತೋಡಿಸಿದೆವು. ನೀರು ಸವುಳು. ಹಾಲೆಂಡಿನ ನಳಿಕೆಯ ಬದಲು ನಾನು ಗಡಿಗೆಗಳಿಗೆ ಸಣ್ಣ ತೂತು ಮಾಡಿ ಗಿಡದ ಬುಡಕ್ಕೆ ಹುಗಿಸಿದೆ. ಅಕ್ಕ ಹಳ್ಳದಿಂದ ಸಿಹಿನೀರು ಹೊತ್ತು ತಂದು ಗಡಿಗೆ ತುಂಬಿದಳು. ಬದನೆ ಬೆಳೆಯಿತು, ಕಾಯಿ ಬಿಡಲಿಲ್ಲ. ಬಿಟ್ಟ ನಾಲ್ಕು ಕಾಯಿ ಬೆರಳಷ್ಟಾಗಿ ನಿಂತವು. ಮೆಂತ್ಯ ಎದ್ದು ಹಳದಿಯಾಯಿತು. ಎರಡು ವರ್ಷ ಹೀಗೆ. ಅಕ್ಕ ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಮಲಪ್ರಭೆಯ ದಂಡೆಯ ಹೊಲ ಬೇರೆಯವರ ಪಾಲಾಗಿತ್ತು. ಮೂರನೇ ವರ್ಷ ನೆರೆಯವರೊಬ್ಬರು ಅಕ್ಕನ ಎರೆ ಹೊಲವನ್ನು ಪಾಲಿಗೆ ಹಿಡಿದು ಜೋಳ ಬಿತ್ತಿದರು. ತೆನೆ ಬಹಳ ಚಂದ ಬಂತು. ಹೊಟ್ಟೆಗೆ ಕೊರತೆಯಾಗಲಿಲ್ಲ. ಅಕ್ಕ ಕಟ್ಟೆಯ ಮೇಲೆ ಕೂತು ಜೋಳ ನೋಡುತ್ತಿದ್ದಳು. ಹೊಲದೊಳಗೆ ಹೋಗುತ್ತಿರಲಿಲ್ಲ.

ಒಂದು ಸಂಜೆ ಅವಳ ಪಕ್ಕ ಕೂತು ಕೈರೋದ ಸುದ್ದಿಯನ್ನು ಹೇಳಿದೆ. ಹಸನ್, ಅವನ ಹೆಂಡತಿ, ಎಲ್ಲ. ಅಕ್ಕ ಪೂರ್ತಿ ಕೇಳಿದಳು.

"ಆಕಿ ಇನ್ನೂ ಅದಾಳೇನು?"

"ಇಲ್ಲಕ್ಕಾ. ತಡ ಆತು ಅಂದ."

"ಪಾಪ" ಅಂದಳು.

ಇಳಕಲ್ ಸಂತೆ

ಮರುವಾರ ಮನೆಯಲ್ಲಿ ಪಲ್ಲೆಗೆ ಏನೂ ಇರಲಿಲ್ಲ. ಅಕ್ಕನೂ ನಾನೂ ಬಸ್ಸು ಹಿಡಿದು ಇಳಕಲ್ ಸಂತೆಗೆ ಹೋದೆವು. ಅಲ್ಲಿಯವರೆಗೆ ಬದುವಿನ ಸೊಪ್ಪಿನಲ್ಲಿ, ಬೇಳೆಯಲ್ಲಿ ನಡೆದಿತ್ತು. ಅಕ್ಕ ತನ್ನ ಜೀವಮಾನದಲ್ಲಿ ಕಾಯಿಪಲ್ಲೆ ಕೊಂಡವಳಲ್ಲ ಎಂಬುದು ಸಂತೆಯಲ್ಲಿ ಕಾಲಿಡುವವರೆಗೂ ನನಗೆ ಹೊಳೆದಿರಲಿಲ್ಲ.

ಒಬ್ಬ ಹೆಣ್ಣುಮಗಳು ಗೋಣಿತಟ್ಟಿನ ಮೇಲೆ ಬದನೆಕಾಯಿ ಗುಂಪು ಹಾಕಿಕೊಂಡು ಕೂತಿದ್ದಳು. ಮುಳ್ಳುಬದನೆ, ಬೆಳಿಗ್ಗೆ ಹರಿದದ್ದು. ಅಕ್ಕ ಅವಳ ಎದುರಿಗೆ ಹೋಗಿ ನಿಂತಳು. ಆಮೇಲೆ ರೂಢಿ ಎಳೆದುಕೊಂಡು ಹೋಯಿತೋ ಏನೋ, ಗೋಣಿತಟ್ಟಿನ ಈಚೆ ನಿಲ್ಲದೆ ಸುತ್ತಿಕೊಂಡು ಹೋಗಿ ಆ ಹೆಣ್ಣುಮಗಳ ಪಕ್ಕದಲ್ಲಿ ಕೂತಳು.

"ಯಾಕಬೇ, ಕಾಯಿ ಬೇಕೇನು?" ಎಂದಳು ಆಕೆ.

"ಹೂಂ, ಬೇಕಾಗಿತ್ತು" ಅಂದಳು ಅಕ್ಕ, ಗಡಬಡಿಸಿ ಎದ್ದು ಈಚೆಗೆ ಬಂದಳು. ನನ್ನ ಕಿವಿಯಲ್ಲಿ "ಹೆಂಗ ಕೇಳಬೇಕೋ ತಮ್ಮಾ, ನೀನ ಕೇಳು" ಅಂದಳು.

ನಾನು ಕೇಳಿದೆ. ಆ ಹೆಣ್ಣುಮಗಳು ತೂಗಿ ಅಕ್ಕನ ಚೀಲಕ್ಕೆ ಹಾಕಿದಳು. ಹಾಕಿ, ಗುಂಪಿನಿಂದ ಇನ್ನೆರಡು ಕಾಯಿ ಎತ್ತಿ ಕೊಸರು ಎಂದು ಮೇಲೆ ಇಟ್ಟಳು. ಅಕ್ಕ ಚೀಲದ ಬಾಯಿ ಹಿಡಿದು ಆ ಎರಡು ಕಾಯಿಗಳನ್ನೇ ನೋಡುತ್ತ ನಿಂತಳು. ಆಮೇಲೆ ಬಗ್ಗಿ ಅವುಗಳನ್ನು ಮೆಲ್ಲಗೆ ತೆಗೆದು ಗುಂಪಿನ ಮೇಲೆ, ತೊಟ್ಟು ಮೇಲೆ ಬರುವಂತೆ, ವಾಪಸ್ ಇಟ್ಟಳು.

"ಕೊಸರು ಬ್ಯಾಡ ಯವ್ವಾ" ಅಂದಳು. "ನನಗ ಕೊಟ್ಟು ರೂಢಿ. ತಗೊಂಡು ರೂಢಿ ಇಲ್ಲ."